ಮಾರ್ಮನ್ನರ ದಿನನಿತ್ಯದ ಬದುಕು ಅಂದ್ರಲ್ಲ, ಅದೆಲ್ಲಿ ಸ್ವಾಮಿ?

ಮಾರ್ಮನ್ನರು ಅಂದ್ರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು. ಅವರ ದಿನನಿತ್ಯದ ಬದುಕು ತೋರಿಸ್ತೀವಿ ಅಂತ ಬಂದ "ಮೀಟ್ ದ ಮಾರ್ಮನ್ಸ್" ಅಂತ ಒಂದು ಡಾಕ್ಯುಮೆಂಟರಿ ಇದೆ, 2014ರ ಅಕ್ಟೋಬರ್ 10ನೇ ತಾರೀಕು ಅಮೆರಿಕದ ಥಿಯೇಟರ್‌ಗಳಲ್ಲಿ ಬಿಡುಗಡೆ ಆಗಿದ್ದು. ನಾವು ಮಾರ್ಮನ್ನರು ಜಾಸ್ತಿ ಇರೋ ಅಮೆರಿಕದ ಯೂಟಾ ರಾಜ್ಯದಲ್ಲಿ ಇದೀವಿ ಅಂತ ಗೊತ್ತಿರೋ ಗೆಳೆಯರು "ಏನಪ್ಪಾ, ನಿಮ್ಮೂರಲ್ಲಿ ಒಬ್ಬೊಬ್ಬನಿಗೆ ನಾಲ್ಕ್ನಾಲ್ಕು ಹೆಂಡ್ತೀರಂತೆ, ಹೌದಾ" ಅಂತ ಇನ್‌ಬಾಕ್ಸಲ್ಲಿ ಕೇಳೋದು ಇದ್ದಿದ್ದೇ. ಅವರಿಗೆಲ್ಲ ಕಳಿಸೋಕೆ ಒಂದು ಒಳ್ಳೆ ಲಿಂಕ್ ಸಿಕ್ಕಿದ್ರೆ ಟೈಪ್ ಮಾಡೋ ಕಷ್ಟ ತಪ್ಪತ್ತಲ್ಲ ಅಂತ ಕೂತು ಪೂರ್ತಿ ನೋಡ್ದೆ. ಒಂದೂಕಾಲು ಗಂಟೆ ಚಿಲ್ರೆ. ಚೆನ್ನಾಗಿ ತೆಗೆದಿದಾರೆ, ಅಳು ಬರ್ಬೇಕಾದ ಜಾಗದಲ್ಲಿ ಅಳೂ ಬಂತು, ಆದ್ರೆ ಲಿಂಕ್ ಮಾತ್ರ ಯಾರಿಗೂ ಕಳಿಸ್ಲಿಲ್ಲ. ಯಾಕೆ ಅಂತ ಹೇಳೋಕೆ ಈ ಉದ್ದ ಪೋಸ್ಟು, ಪುರುಸೊತ್ತಿದ್ರೆ ಓದಿ.

ಮೊದಲು ಆ ಹೆಂಡ್ತೀರ ವಿಷ್ಯ ಮುಗಿಸಿಬಿಡ್ತೀನಿ. ಜೋಸೆಫ್ ಸ್ಮಿತ್ ಅನ್ನೋರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಚರ್ಚ್ ಇದು. 1844ರಲ್ಲಿ ಇಲಿನಾಯ್ ಜೈಲಲ್ಲಿದ್ದಾಗ ಅವರನ್ನ ಜನ ನುಗ್ಗಿ ಕೊಂದ್ರು, ಮಿಕ್ಕವರನ್ನ ಕಟ್ಕೊಂಡು ಬ್ರಿಗಮ್ ಯಂಗ್ 1847ರಲ್ಲಿ ಈ ಸಾಲ್ಟ್ ಲೇಕ್ ಕಣಿವೆಗೆ ಬಂದ್ರು. ಬಹುಪತ್ನಿತ್ವ ನಮ್ಮಲ್ಲಿದೆ ಅಂತ ಬಹಿರಂಗವಾಗಿ ಹೇಳಿದ್ದು 1852ರಲ್ಲಿ, ಸರ್ಕಾರದ ಒತ್ತಡ ತಡೀಲಾರ್ದೆ ನಿಲ್ಲಿಸ್ತೀವಿ ಅಂತ ಘೋಷಣೆ ಮಾಡಿದ್ದು 1890ರಲ್ಲಿ, ಅದಾದ್ಮೇಲೇ 1896ರಲ್ಲಿ ಯೂಟಾಗೆ ರಾಜ್ಯದ ಸ್ಥಾನ ಸಿಕ್ಕಿದ್ದು. ಈಗಲೂ ಮಾಡ್ಕೊಳ್ಳೋರು ಸಿಡಿದು ಹೋದ ಸಣ್ಣ ಸಣ್ಣ ಪಂಗಡದವರು. ಟಿವಿಲಿ ನೀವು ನೋಡೋ ಉದ್ದ ಫ್ರಾಕಿನ ಹೆಂಗಸ್ರು, 2011ರಲ್ಲಿ ಜೀವಾವಧಿ ಶಿಕ್ಷೆ ಆದ ವಾರನ್ ಜೆಫ್ಸ್, ಅದೆಲ್ಲ ಆ ಕಡೆಯವರದ್ದು. ಈ ದೊಡ್ಡ ಚರ್ಚಲ್ಲಿ ಇವತ್ತು ಎರಡನೇ ಮದ್ವೆ ಮಾಡ್ಕೊಂಡ್ರೆ ಹೊರಗೆ ಹಾಕ್ತಾರೆ. ನಮ್ಮ ಎದುರುಮನೆ ಯಜಮಾನರಿಗೆ ಒಬ್ಬರೇ ಹೆಂಡ್ತಿ, ಐದು ಮಕ್ಕಳು, ಆ ಮಕ್ಕಳನ್ನ ವ್ಯಾನಿಗೆ ಹತ್ತಿಸೋಷ್ಟ್ರಲ್ಲೇ ಮನುಷ್ಯ ಸುಸ್ತಾಗಿರ್ತಾರೆ.

ಈಗ ಸಿನಿಮಾಗೆ ಬರ್ತೀನಿ. ಇದನ್ನ ಮಾಡಿದ್ದು ಚರ್ಚೇ. ಸಾಲ್ಟ್ ಲೇಕ್‌ನ ತಮ್ಮ ಥಿಯೇಟರಲ್ಲಿ ಬಂದುಹೋಗೋ ಪ್ರವಾಸಿಗರಿಗೆ ತೋರಿಸೋಣ ಅಂತ ಶುರುವಾಗಿದ್ದು ಆಮೇಲೆ ದೇಶದ ತುಂಬ ಬಿಡುಗಡೆ ಆಯ್ತು. ಸುಮಾರು 60 ಲಕ್ಷ ಡಾಲರ್ ಗಳಿಸ್ತು, ಲಾಭ ಎಲ್ಲ ಅಮೆರಿಕನ್ ರೆಡ್ ಕ್ರಾಸ್‌ಗೆ ಅಂತ ಮೊದಲೇ ಹೇಳಿದ್ರು. ಆಗಿನ ಸಂದರ್ಭನೂ ಹಾಗಿತ್ತು. 2011ರಲ್ಲಿ ಬ್ರಾಡ್‌ವೇನಲ್ಲಿ ಇವರನ್ನ ಗೇಲಿ ಮಾಡೋ ನಾಟಕ ಬಂದು ಹೌಸ್‌ಫುಲ್ ಓಡ್ತಿತ್ತು, 2012ರಲ್ಲಿ ಮಿಟ್ ರಾಮ್ನಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತಿದ್ರು, ಇಡೀ ದೇಶ ಇವರ ಬಗ್ಗೆ ಮಾತಾಡ್ತಿತ್ತು, ಮಾತಾಡೋರಲ್ಲಿ ಎಷ್ಟೋ ಜನಕ್ಕೆ ಒಬ್ಬ ಮಾರ್ಮನ್ನೂ ಪರಿಚಯ ಇರ್ಲಿಲ್ಲ. ಅದನ್ನೇ ಹಿಡ್ಕೊಂಡು ಸಿನಿಮಾ ಶುರುವಾಗತ್ತೆ, ನಿರೂಪಕಿ ನ್ಯೂಯಾರ್ಕ್ ಬೀದಿಲಿ ನಿಂತು ಹೋಗೋ ಬರೋರ್ನ ಮಾರ್ಮನ್ ಅಂದ್ರೆ ಏನು ಗೊತ್ತು ಅಂತ ಕೇಳ್ತಾಳೆ, ಅವರು ಬಾಯಿಗೆ ಬಂದಿದ್ದು ಹೇಳ್ತಾರೆ. ವಿಮರ್ಶಕರು ಇದು ಸಿನಿಮಾ ಅಲ್ಲ ಜಾಹೀರಾತು ಅಂತ ಬೈದ್ರು. ನಂಗೆ ಅದು ದೊಡ್ಡ ತಕರಾರಲ್ಲ, ಯಾರ ದುಡ್ಡೋ ಅವರ ಹಾಡು, ಮರೆಮಾಚಿಯೇನೂ ಮಾಡ್ಲಿಲ್ಲವಲ್ಲ. ನನ್ನ ತಕರಾರೇ ಬೇರೆ. ನಾವೂ ನಿಮ್ಮ ಹಾಗೇ ಸಾಮಾನ್ಯ ಜನ ಅಂತ ತೋರಿಸೋಕೆ ಹೊರಟವರು ಸಾಮಾನ್ಯರನ್ನೇ ಯಾಕೆ ಹಿಡ್ಕೊಂಡು ಬರ್ಲಿಲ್ಲ?

ಆರು ಜನ ಇದಾರೆ ಸಿನಿಮಾದಲ್ಲಿ. ಅಟ್ಲಾಂಟಾದ ಒಬ್ಬ ಕಪ್ಪು ಬಿಷಪ್. ಆಗ ಅಮೆರಿಕದ ನೇವಲ್ ಅಕಾಡೆಮಿಯ ಫುಟ್‌ಬಾಲ್ ಕೋಚ್ ಆಗಿದ್ದ ಕೆನ್ ನಿಯುಮಟಲೋಲೊ, ಸಮೋವಾ ಮೂಲದವರು, ಹವಾಯಿಯಲ್ಲಿ ಬೆಳೆದವರು. ಕೋಸ್ಟರಿಕಾದಲ್ಲಿ ಕಿಕ್‌ಬಾಕ್ಸಿಂಗ್ ಮಾಡೋ ಒಬ್ಬ ತಾಯಿ, ರಿಂಗಲ್ಲಿ ಒದ್ದು ಬಂದು ಮನೇಲಿ ಮಗುಗೆ ಊಟ ಮಾಡಿಸ್ತಾರೆ. ಎರಡನೇ ಮಹಾಯುದ್ಧದ ಕಾಲದ ಪೈಲಟ್ ಗೇಲ್ ಹಾಲ್ವರ್ಸನ್. ನೇಪಾಳದ ಹಳ್ಳಿಗಳಿಗೆ ಕೆಲಸ ಮಾಡಿಕೊಡೋ ಒಬ್ಬ ಇಂಜಿನಿಯರ್. ಕೊನೇಗೆ, ಒಂದು ಕಾಲಕ್ಕೆ ಮಗು ಕಟ್ಕೊಂಡು ತಲೆ ಮೇಲೆ ಸೂರಿಲ್ಲದೆ ಅಲೆದು, ಈಗ ಅದೇ ಮಗನನ್ನ ಧರ್ಮಪ್ರಚಾರದ ಮಿಷನ್‌ಗೆ ಕಳಿಸ್ತಿರೋ ಸಾಲ್ಟ್ ಲೇಕ್‌ನ ಅಮ್ಮ. ಇವರಲ್ಲಿ ಒಬ್ಬರಾದ್ರೂ ಸಾಮಾನ್ಯರು ಅನ್ಸ್ತಾರಾ ಹೇಳಿ. ಒಬ್ಬೊಬ್ಬರ ಮೇಲೂ ಬೇರೆ ಬೇರೆ ಸಿನಿಮಾ ತೆಗೀಬಹುದು.

ಹಾಲ್ವರ್ಸನ್ ಕತೆ ಹೇಳ್ದೇ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. 1948ರಲ್ಲಿ ಸೋವಿಯತ್ತರು ಪಶ್ಚಿಮ ಬರ್ಲಿನ್‌ಗೆ ರಸ್ತೆ, ರೈಲು, ಕಾಲುವೆ ಎಲ್ಲ ಬಂದ್ ಮಾಡಿದ್ರಲ್ಲ, ಆಗ ಅಮೆರಿಕ ಬ್ರಿಟನ್ ಸೇರಿ ಹಿಟ್ಟಿಂದ ಹಿಡಿದು ಕಲ್ಲಿದ್ದಲವರೆಗೂ ವಿಮಾನದಲ್ಲೇ ಸಾಗಿಸಿದ್ರು. ಇವರು ಆ ವಿಮಾನ ಓಡಿಸ್ತಿದ್ದ ಪೈಲಟ್. ಟೆಂಪೆಲ್‌ಹೋಫ್ ಏರ್‌ಪೋರ್ಟಿನ ಬೇಲಿ ಹತ್ರ ಮಕ್ಕಳು ನಿಂತಿದ್ವು, ಇವರು ಹೋಗಿ ಮಾತಾಡ್ಸಿದ್ರು. ಬೇರೆ ಕಡೆ ಮಕ್ಕಳೆಲ್ಲ ಸೈನಿಕರ ಹಿಂದೆ ಬಿದ್ದು ಚಾಕೊಲೇಟ್ ಕೇಳ್ತಿದ್ರೆ ಇವು ಏನೂ ಕೇಳ್ಲಿಲ್ವಂತೆ. ಜೇಬಲ್ಲಿದ್ದಿದ್ದು ಎರಡು ಚೂಯಿಂಗ್ ಗಮ್, ಅದನ್ನ ಮುರಿದು ಕೊಟ್ರು, ಸಿಗದೇ ಇದ್ದ ಮಕ್ಕಳು ಆ ಕಾಗದದ ಚೂರನ್ನ ಮೂಸಿ ನೋಡ್ತಾ ನಿಂತ್ವು. ನಾಳೆ ಮೇಲಿಂದ ಹಾಕ್ತೀನಿ, ನನ್ನ ವಿಮಾನ ಬರುವಾಗ ರೆಕ್ಕೆ ಅಲ್ಲಾಡಿಸ್ತೀನಿ, ಗುರುತು ಹಿಡೀರಿ ಅಂತ ಹೇಳಿ ಹೋದ್ರು, ಕರ್ಚೀಫಲ್ಲಿ ಪುಟ್ಟ ಪ್ಯಾರಾಚೂಟ್ ಮಾಡಿ ಕ್ಯಾಂಡಿ ಇಳಿಸಿದ್ರು. ಮೇಲಧಿಕಾರಿಗಳಿಗೆ ಹೇಳಿರ್ಲಿಲ್ಲ, ಪೇಪರಲ್ಲಿ ಬಂದ್ಮೇಲೆ ಗೊತ್ತಾಯ್ತು, ಬೈದ್ರು, ಆಮೇಲೆ ಮುಂದುವರಿಸು ಅಂದ್ರು. ಕೊನೇಗೆ ಬೇರೆ ಪೈಲಟ್‌ಗಳೂ ಸೇರಿ 20 ಟನ್‌ಗೂ ಹೆಚ್ಚು ಸಿಹಿ ಆಕಾಶದಿಂದ ಬಿತ್ತು. ಸಿನಿಮಾ ಬಿಡುಗಡೆ ಆದ ದಿನವೇ ಅವರ 94ನೇ ಹುಟ್ಟುಹಬ್ಬ. 2022ರಲ್ಲಿ 101ನೇ ವಯಸ್ಸಲ್ಲಿ ತೀರಿಕೊಂಡ್ರು. ಮಹಾನುಭಾವ, ಎರಡು ಮಾತಿಲ್ಲ. ಆದ್ರೆ ಆ ಕ್ಯಾಂಡಿ ಹಾಕಿದ್ದು ಒಬ್ಬ ಒಳ್ಳೆ ಮನುಷ್ಯ, ಅವರು ಮೆಥಡಿಸ್ಟ್ ಆಗಿದ್ರೂ ಹಾಕ್ತಿದ್ರೇನೋ. ಮಾರ್ಮನ್ ಆಗಿ ಅವರ ಭಾನುವಾರ ಹೇಗಿರತ್ತೆ, ಸೋಮವಾರ ಹೇಗಿರತ್ತೆ ಅನ್ನೋದು ಆ ಕತೆಯಿಂದ ನಂಗೆ ಗೊತ್ತಾಗ್ಲಿಲ್ಲ.

ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ನಮ್ಮ ಮನೆಗಳಲ್ಲಿ ಏನಾಗತ್ತೆ? ಸೋಫಾಗೆ ಹೊಸ ಕವರು, ಕೇಸರಿಬಾತು, ಸಾಲ ಮಾಡ್ಕೊಂಡಿರೋ ಚಿಕ್ಕಪ್ಪನ್ನ ಅವತ್ತಿನ ಮಟ್ಟಿಗೆ ಎಲ್ಲಾದ್ರೂ ಕೆಲಸದ ಮೇಲೆ ಕಳಿಸೋದು, ಇಂಜಿನಿಯರ್ ಅಣ್ಣನ್ನ ಎದುರಿಗೆ ಕೂರಿಸೋದು. ಹೇಳಿದ್ದೆಲ್ಲ ನಿಜವೇ, ಸುಳ್ಳೇನಿಲ್ಲ. ಇಡೀ ಸಿನಿಮಾ ಆ ಥರ ಒಂದು ಸಾಯಂಕಾಲ.

ನಾನು ನೋಡಿರೋ ಮಾರ್ಮನ್ ಬದುಕು ಏನಪ್ಪಾ ಅಂದ್ರೆ, ಮೊದಲನೇದಾಗಿ ಕೆಲಸ. ಈ ಚರ್ಚಲ್ಲಿ ಊರಿನ ಮಟ್ಟದಲ್ಲಿ ಸಂಬಳದ ಪಾದ್ರಿ ಅಂತ ಇಲ್ಲ. ವಾರ್ಡ್ ಅಂತಾರೆ, ನಿಮ್ಮ ಮನೆ ಯಾವ ಬೀದಿಲಿದೆ ಅನ್ನೋದರ ಮೇಲೆ ಯಾವ ವಾರ್ಡ್ ಅಂತ ತೀರ್ಮಾನ ಆಗಿಬಿಟ್ಟಿರತ್ತೆ, ನಂಗೆ ಆ ಬಿಷಪ್ ಇಷ್ಟ ಇಲ್ಲ ಪಕ್ಕದ ವಾರ್ಡಿಗೆ ಹೋಗ್ತೀನಿ ಅನ್ನೋ ಹಾಗಿಲ್ಲ. ಬಿಷಪ್ ಅಂದ್ರೂ ಅದೇ ಬೀದಿಯ ಮನುಷ್ಯ, ಒಂದೈದು ವರ್ಷ ಮಾಡ್ತಾರೆ, ಸಂಬಳ ಇಲ್ಲ. ನಮ್ಮ ಎದುರುಮನೆಯವರು ಹಲ್ಲಿನ ಡಾಕ್ಟ್ರು, ಹಗಲೆಲ್ಲ ಹಲ್ಲು, ರಾತ್ರಿ ಊರವರ ಗೋಳು. ಗಂಡ ಹೆಂಡ್ತಿ ಜಗಳ ಅಂದ್ರೆ ಇವರಿಗೆ ಫೋನು, ಬಾಡಿಗೆ ಕಟ್ಟೋಕೆ ಆಗ್ಲಿಲ್ಲ ಅಂದ್ರೆ ಇವರಿಗೆ ಫೋನು, ಹದಿನಾರರ ಹುಡುಗ ಬಿಯರ್ ಕುಡಿದ ಅಂದ್ರೂ ಇವರೇ ಕೂತು ಮಾತಾಡ್ಬೇಕು. ಅವರ ಹೆಂಡ್ತಿ ಭಾನುವಾರ ಐದು ಮಕ್ಕಳನ್ನ ಒಬ್ಬರೇ ಬೆಂಚಲ್ಲಿ ಸಂಭಾಳಿಸೋದನ್ನ ನೋಡ್ಬೇಕು ನೀವು, ಗಂಡ ಎದುರಿಗೇ ವೇದಿಕೆ ಮೇಲೆ ಕೂತಿರ್ತಾರೆ, ಕೈಗೆ ಸಿಗಲ್ಲ.

ಕರೆದ್ರು ಅಂತ ಒಂದು ಭಾನುವಾರ ನಾವೂ ಹೋಗಿದ್ವಿ. ಒಳಗೆ ಶಿಲುಬೆ ಇಲ್ಲ, ಮೇಣದಬತ್ತಿ ಇಲ್ಲ, ಸಾದಾ ಹಾಲು, ಹಿಂದಗಡೆ ಬಾಸ್ಕೆಟ್‌ಬಾಲ್ ಕೋರ್ಟು. ಹನ್ನೆರಡು ಹದಿಮೂರು ವಯಸ್ಸಿನ ಹುಡುಗರು, ಟೈ ಅವರ ಸೊಂಟದಿಂದ ಕೆಳಗೆ ಇಳಿದಿತ್ತು, ಟ್ರೇನಲ್ಲಿ ಬ್ರೆಡ್ ಚೂರು ಹಂಚಿದ್ರು, ಆಮೇಲೆ ಪುಟ್ಟ ಪುಟ್ಟ ಲೋಟದಲ್ಲಿ ನೀರು, ವೈನ್ ಇಲ್ಲ ನೀರೇ. ಮಕ್ಕಳ ಗಲಾಟೆ ಅಂದ್ರೆ ಗಲಾಟೆ, ಪ್ರತಿ ಬೆಂಚ್ ಕೆಳಗೂ ಒಣ ಸೀರಿಯಲ್ ಚೆಲ್ಲಿತ್ತು. ತಿಂಗಳ ಮೊದಲನೇ ಭಾನುವಾರ ಉಪವಾಸ ಮಾಡ್ತಾರೆ, ಎರಡು ಹೊತ್ತಿನ ಊಟ ಬಿಟ್ಟು ಅದರ ದುಡ್ಡನ್ನ ಬಡವರಿಗೆ ಕೊಡ್ತಾರೆ, ನಮ್ಮ ಮನೇಲಿ ಏಕಾದಶಿ ಮಾಡೋ ಅತ್ತೆಗೆ ಇದನ್ನ ಹೇಳಿದಾಗ ಅವರಿಗೆ ಭಾರಿ ಖುಷಿಯಾಯ್ತು. ಅವತ್ತು ಭಾಷಣ ಇರಲ್ಲ, ಯಾರು ಬೇಕಾದ್ರೂ ಎದ್ದು ಮೈಕ್ ಹತ್ರ ಹೋಗಿ ತಮ್ಮ ನಂಬಿಕೆ ಬಗ್ಗೆ ಹೇಳಬಹುದು. ಒಂದು ಪುಟ್ಟ ಹುಡುಗಿ ಅಪ್ಪ ಕಿವಿಲಿ ಪಿಸುಗುಟ್ಟಿದ್ದನ್ನೇ ಒಂದೊಂದಾಗಿ ಒಪ್ಪಿಸಿದ್ಳು. ಒಬ್ಬ ಅಜ್ಜ ತನ್ನ ಕಾರು ರಿಪೇರಿ ಆದ ಕತೆ ಶುರು ಮಾಡಿ ಎಲ್ಲೆಲ್ಲಿಗೋ ಹೋದ್ರು, ಬಿಷಪ್ ಗಡಿಯಾರ ನೋಡ್ಕೊಂಡು ಕೂತಿದ್ರು. ಒಬ್ಬ ಹೆಂಗಸು ಬಂದು, ಈ ವರ್ಷ ನಂಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ಆದ್ರೂ ಬರ್ತಿದೀನಿ, ಅಷ್ಟೇ, ಅಂತ ಹೇಳಿ ಹೋಗಿ ಕೂತ್ಕೊಂಡ್ರು. ಇಡೀ ಸಿನಿಮಾದಲ್ಲಿ ಆ ಹೆಂಗಸಿನ ಆ ಒಂದು ಮಾತಿನಷ್ಟು ನಿಜ ನಂಗೆ ಸಿಗ್ಲಿಲ್ಲ.

ಇನ್ನು ಕಾಫಿ. ಕಾಫಿ, ಟೀ, ಹೆಂಡ, ತಂಬಾಕು ಯಾವುದೂ ಮುಟ್ಟಲ್ಲ, 1833ರಿಂದ ಬಂದಿರೋ ನಿಯಮ. ನಮ್ಮ ಮನೆಗೆ ಬಂದವರಿಗೆ ಏನ್ ಕೊಡೋದು ಅಂತ ಮೊದಮೊದಲು ನನ್ನ ಹೆಂಡ್ತಿಗೆ ಪೇಚಾಟ, ಈಗ ಬಾದಾಮಿ ಹಾಲು ಅಂತ ಫಿಕ್ಸ್ ಆಗಿದೆ. ಅವರ ಕಡೆಯಿಂದ ಬನಾನಾ ಬ್ರೆಡ್ ಬರತ್ತೆ, ನಮ್ಮ ಕಡೆಯಿಂದ ಚಕ್ಲಿ ಹೋಗತ್ತೆ. ಹಿಮ ಬಿದ್ದ ದಿನ ನಾನು ಏಳೋಕೆ ಮುಂಚೆನೇ ಎದುರುಮನೆ ಹುಡುಗ್ರು ನಮ್ಮ ಮನೆ ಮುಂದೆ ಸಲಿಕೆ ಹಿಡ್ದು ಗೋರ್ತಾ ಇರ್ತಾರೆ. ಈ ಥರದ್ದು ಅಷ್ಟು ದೊಡ್ಡ ಸಿನಿಮಾಗೆ ಸಾಲಲ್ಲ ಅಂದ್ಕೊಂಡ್ರೇನೋ.

ದುಡ್ಡಿನ ಮಾತೂ ಆಡಬೇಕು, ದಿನನಿತ್ಯದ ಬದುಕು ಅಂದ್ಮೇಲೆ ದುಡ್ಡಿಲ್ದೆ ಹೇಗೆ. ಆದಾಯದ ಹತ್ತನೇ ಒಂದು ಭಾಗ ಚರ್ಚಿಗೆ. ವರ್ಷದ ಕೊನೇಲಿ ಮನೆಮಂದಿ ಸಮೇತ ಬಿಷಪ್ ಮುಂದೆ ಕೂತು ಪೂರ್ತಿ ಕೊಟ್ಟಿದೀವಿ ಅಥವಾ ಇಲ್ಲ ಅಂತ ಹೇಳ್ಬೇಕು. ಪೂರ್ತಿ ಕೊಡದೇ ಇದ್ರೆ ಟೆಂಪಲ್ (ಭಾನುವಾರದ ಚರ್ಚಲ್ಲ, ಮದ್ವೆಯಂಥ ವಿಶೇಷ ವಿಧಿಗಳಿಗೆ ಅಂತಲೇ ಇರೋ ಬೇರೆ ಕಟ್ಟಡ) ಒಳಗೆ ಹೋಗೋ ಕಾರ್ಡು ಸಿಗಲ್ಲ, ಆ ಕಾರ್ಡನ್ನ ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಬೇಕು, ಅದಕ್ಕೆ ಇಂಟರ್‌ವ್ಯೂ. ಐದು ಮಕ್ಕಳಿರೋ ಮನೇಲಿ ಹತ್ತು ಪರ್ಸೆಂಟ್ ಅಂದ್ರೆ ಎಷ್ಟು ಆಸೆಗಳನ್ನ ಹಿಂಡಬೇಕು ಲೆಕ್ಕ ಹಾಕಿ. ಇದೇ ಚರ್ಚಿನ ಹೂಡಿಕೆ ನೋಡ್ಕೊಳ್ಳೋ ಎನ್‌ಸೈನ್ ಪೀಕ್ ಅನ್ನೋ ಸಂಸ್ಥೆಯಲ್ಲಿ 10,000 ಕೋಟಿ ಡಾಲರ್ ಇದೆ ಅಂತ 2019ರಲ್ಲಿ ಒಳಗಿನವರೇ ಹೊರಹಾಕಿದ್ರು, ಷೇರುಗಳ ವಿವರನ ಬೇರೆ ಬೇರೆ ಕಂಪನಿ ಹೆಸರಲ್ಲಿ ಮರೆಮಾಚಿದ್ದಕ್ಕೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಿಸೋ ಎಸ್‌ಇಸಿ ಜೊತೆ 50 ಲಕ್ಷ ಡಾಲರ್ ದಂಡ ಕಟ್ಟಿ ಕೇಸ್ ಮುಗಿಸ್ಕೊಂಡ್ರು. ಇದು ಸಿನಿಮಾ ಬಂದ ಎಷ್ಟೋ ವರ್ಷದ ಮೇಲಿನ ಮಾತು, ಅದಕ್ಕೆ ಸಿನಿಮಾನ ದೂರಲ್ಲ. ಆದ್ರೆ ತಿಂಗಳಾ ತಿಂಗಳಾ ಚೆಕ್ ಬರೆಯೋ ಆ ಅಡುಗೆಮನೆ ಟೇಬಲ್ಲು 2014ರಲ್ಲೂ ಇತ್ತು.

2014ನೇ ಇಸವಿಲಿ ಇನ್ನೇನೇನು ಆಯ್ತು ನೋಡಿ. ಜೂನಲ್ಲಿ, ಹೆಂಗಸರಿಗೂ ಪೌರೋಹಿತ್ಯ ಕೊಡಿ ಅಂತ ಚಳವಳಿ ಮಾಡ್ತಿದ್ದ ಕೇಟ್ ಕೆಲಿ ಅನ್ನೋ ವಕೀಲೆಯನ್ನ ಚರ್ಚಿಂದ ಬಹಿಷ್ಕಾರ ಹಾಕಿದ್ರು. ಅಕ್ಟೋಬರಲ್ಲಿ ಪರದೆ ಮೇಲೆ ಕೋಸ್ಟರಿಕಾದ ಹೆಣ್ಣುಮಗಳು ಗ್ಲೌಸ್ ಹಾಕ್ಕೊಂಡು ಬಂದ್ಳು. ಅದೇ ಅಕ್ಟೋಬರಲ್ಲಿ ಚರ್ಚು ತನ್ನ ವೆಬ್‌ಸೈಟಲ್ಲಿ, ಸಂಸ್ಥಾಪಕ ಜೋಸೆಫ್ ಸ್ಮಿತ್‌ಗೆ ಲೆಕ್ಕ ಹಾಕಿದ್ರೆ 30ರಿಂದ 40 ಹೆಂಡ್ತೀರಿದ್ದಿರಬಹುದು, ಅವರಲ್ಲಿ ಅತಿ ಚಿಕ್ಕವಳಿಗೆ ಇನ್ನೂ 15 ತುಂಬಿರ್ಲಿಲ್ಲ ಅಂತ ಒಪ್ಕೊಳ್ಳೋ ಪ್ರಬಂಧ ಹಾಕ್ತು, ಸದ್ದಿಲ್ದೆ. ನಮ್ಮ ಆಫೀಸಲ್ಲಿ ಮಾರ್ಮನ್ ಆಗೇ ಹುಟ್ಟಿ ಬೆಳೆದ ಹುಡುಗನೊಬ್ಬ ಇದಾನೆ, ಆ ಪ್ರಬಂಧ ಓದಿದ ವಾರ ಅವನ ಅಪ್ಪ ಅಮ್ಮ ಊಟದ ಟೇಬಲ್ಲಲ್ಲಿ ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ವಂತೆ. ಅಪ್ಪಂಗೆ ಇದೆಲ್ಲ ವಿರೋಧಿಗಳು ಕಟ್ಟಿದ ಸುಳ್ಳು ಅಂತ ಜೀವಮಾನವಿಡೀ ಗೊತ್ತಿತ್ತು. ಅದು ನೋಡಿ ಡಾಕ್ಯುಮೆಂಟರಿ ಮಾಡೋ ವಿಷಯ.

ಅಟ್ಲಾಂಟಾದ ಬಿಷಪ್ ಭಾಗವೂ ಹಾಗೇ. ಆ ಮನುಷ್ಯ, ಅವರ ಹೆಂಡ್ತಿ, ಗಂಡುಮಕ್ಕಳು, ನೋಡಿದ್ರೆ ನಮ್ಮ ಮನೆಗೆ ಊಟಕ್ಕೆ ಕರೀಬೇಕು ಅನ್ಸತ್ತೆ. ಆದ್ರೆ 1978ರ ಜೂನ್‌ವರೆಗೂ ಇದೇ ಚರ್ಚಲ್ಲಿ ಕಪ್ಪು ಗಂಡಸರಿಗೆ ಪೌರೋಹಿತ್ಯ ಇರ್ಲಿಲ್ಲ, ಹನ್ನೆರಡರ ಬಿಳಿ ಹುಡುಗ ಬ್ರೆಡ್ ಹಂಚಬಹುದಿತ್ತು, ಕಪ್ಪು ಮನುಷ್ಯ ಮುದುಕ ಆದ್ರೂ ಹಂಚೋ ಹಾಗಿರ್ಲಿಲ್ಲ. ಅದಕ್ಕೆ ಕೊಡ್ತಿದ್ದ ಹಳೇ ಸಮರ್ಥನೆಗಳನ್ನೆಲ್ಲ ಈಗ ಒಪ್ಪಲ್ಲ ಅಂತ ಚರ್ಚೇ 2013ರ ಡಿಸೆಂಬರಲ್ಲಿ ಬರೆದು ಹಾಕಿತ್ತು. ಸಿನಿಮಾ ಆ ಹಿನ್ನೆಲೆಗೆ ಕೈ ಹಾಕೋದೇ ಇಲ್ಲ. ಇದೆಲ್ಲ ಗೊತ್ತಿದ್ದೂ ಒಬ್ಬ ಕಪ್ಪು ಮನುಷ್ಯ ಇಲ್ಲಿಗೇ ಬಂದು, ಇಲ್ಲೇ ಬಿಷಪ್ ಆಗಿ ಕೂತಿದಾನೆ ಅಂದ್ರೆ ಅವನ ಎದೇಲಿ ಏನಿರಬಹುದು, ನಂಗೆ ಅದು ಕೇಳಬೇಕಿತ್ತು. ಕೇಳಿದ್ರೆ ಅವರು ಖಂಡಿತ ಚೆನ್ನಾಗೇ ಹೇಳ್ತಿದ್ರು.

ಕೊನೇ ಭಾಗ, ಅಮ್ಮ ಮಗನದ್ದು, ನಂಗೆ ಇಷ್ಟ ಆಯ್ತು. ಮಗ ಸೌತ್ ಆಫ್ರಿಕಾಗೆ ಹೊರಟಿದಾನೆ. ಗಂಡು ಹುಡುಗರಿಗೆ ಎರಡು ವರ್ಷ, 18 ತುಂಬಿದ್ರೆ ಹೋಗಬಹುದು, ಯಾವ ದೇಶ ಅಂತ ಚರ್ಚೇ ನಿರ್ಧಾರ ಮಾಡತ್ತೆ, ಖರ್ಚು ಮನೆಯವರದ್ದೇ. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜು, ಜೊತೆಗಾರನ್ನ ಬಿಟ್ಟು ಒಬ್ಬನೇ ಎಲ್ಲೂ ಹೋಗೋ ಹಾಗಿಲ್ಲ. ಆ ಕಾಲದಲ್ಲಿ ಮನೆಗೆ ಫೋನ್ ಮಾಡೋಕೆ ಬಿಡ್ತಿದ್ದಿದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತೆ ಮದರ್ಸ್ ಡೇಗೆ. ವಾರಕ್ಕೊಮ್ಮೆ ಮಾತಾಡ್ಬಹುದು ಅಂತ ಆಗಿದ್ದು 2019ರಲ್ಲಿ. ಇದು ಗೊತ್ತಿದ್ದು ಆ ಬೀಳ್ಕೊಡುಗೆ ನೋಡಿದ್ರೆ ಹೊಟ್ಟೆ ಕಿವುಚತ್ತೆ. ಆದ್ರೆ ಆರು ತಿಂಗಳಿಗೇ ಮನಸ್ಸು ಸರಿ ಇಲ್ಲದೆ ವಾಪಸ್ ಬರೋ ಹುಡುಗರೂ ಇದಾರೆ. ಊರಲ್ಲಿ ಎಲ್ಲರೂ "ಹೇಗಿದೀಯಪ್ಪ" ಅಂತ ಬಹಳ ಮೆಲ್ಲಗೆ ಕೇಳ್ತಾರೆ, ಆ ಮೆಲ್ಲಗೆ ಕೇಳೋದೇ ಅವರಿಗೆ ಹಿಂಸೆ. ಅವರ ಅಮ್ಮಂದಿರಿಗೂ ಹತ್ತು ನಿಮಿಷ ಕೊಡಬಹುದಿತ್ತು.

ಟೆಂಪಲ್ ಮದ್ವೆ ಅಂತ ಇನ್ನೊಂದಿದೆ. ಆ ಕಾರ್ಡ್ ಇಲ್ಲದವರಿಗೆ ಒಳಗೆ ಪ್ರವೇಶ ಇಲ್ಲ, ಹೆತ್ತ ತಾಯಿನೇ ಆದ್ರೂ. ಹುಡುಗಿ ಮತಾಂತರ ಆಗಿದ್ರೆ ಅವಳ ಅಪ್ಪ ಅಮ್ಮ ಸೂಟು ಬೂಟು ಹಾಕ್ಕೊಂಡು ಹೊರಗೆ ಕಾಯ್ತಾ ಕೂರ್ತಾರೆ, ಮಗಳು ಮದ್ವೆ ಆಗಿ ಹೊರಗೆ ಬಂದಾಗ ಫೋಟೋಗೆ ನಿಲ್ತಾರೆ. ಎಲ್ಲರ ಎದುರಿಗೆ ಒಂದು ಮದ್ವೆ ಮಾಡ್ಕೊಂಡು ಆಮೇಲೆ ಟೆಂಪಲ್‌ಗೆ ಹೋಗೋಣ ಅಂದ್ರೆ ಅಮೆರಿಕದಲ್ಲಿ ಒಂದು ವರ್ಷ ಕಾಯಬೇಕಿತ್ತು, ಆ ನಿಯಮ ತೆಗೆದಿದ್ದು 2019ರ ಮೇನಲ್ಲಿ. ನಮ್ಮ ಕಡೆ ಧಾರೆ ಮಂಟಪದಲ್ಲಿ ಸಾವಿರ ಜನ ಅಕ್ಷತೆ ಹಾಕೋದು ನೋಡಿ ಬೆಳೆದ ನಂಗೆ ಇದನ್ನ ಅರಗಿಸ್ಕೊಳ್ಳೋಕೆ ಆಗಲ್ಲ. ಅಂದಹಾಗೆ ಬೆಂಗಳೂರಿಗೂ ಇವರ ಟೆಂಪಲ್ ಬರತ್ತೆ ಅಂತ 2018ರ ಏಪ್ರಿಲ್‌ನಲ್ಲಿ ಘೋಷಣೆ ಆಯ್ತು, 2020ರ ಡಿಸೆಂಬರಲ್ಲಿ ಗುದ್ದಲಿ ಪೂಜೆನೂ ಆಯ್ತು, ಭಾರತಕ್ಕೇ ಮೊದಲನೇದು. ಬೆಂಗಳೂರಲ್ಲಿ ಇವರ ಮಿಷನ್ 1993ರಿಂದಾನೇ ಇದೆ. ಇತ್ತ ಯೂಟಾದ ಸ್ಪ್ಯಾನಿಷ್ ಫೋರ್ಕಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ, ಅದನ್ನ ಕಟ್ಟೋವಾಗ ಮಾರ್ಮನ್ ಚರ್ಚೂ ದುಡ್ಡು ಕೊಟ್ಟಿತ್ತು, ಹೋಳಿ ಹಬ್ಬಕ್ಕೆ ಅಲ್ಲಿ ಸಾವಿರಗಟ್ಟಲೆ ಜನ, ಅದರಲ್ಲಿ ಮುಕ್ಕಾಲು ಪಾಲು ಚರ್ಚಿನ ಯೂನಿವರ್ಸಿಟಿ ಹುಡುಗ ಹುಡುಗಿಯರೇ ಇದ್ದ ಹಾಗೆ ಕಾಣತ್ತೆ. ಕುಡಿಯದೇ ಹೋಳಿ ಆಡೋ ಅಷ್ಟು ದೊಡ್ಡ ಗುಂಪನ್ನ ನಾನು ಭಾರತದಲ್ಲೂ ನೋಡಿಲ್ಲ.

ಒಂದು ತಮಾಷೆ ಏನಂದ್ರೆ, ಇಷ್ಟೆಲ್ಲ ಖರ್ಚು ಮಾಡಿ ಮಾರ್ಮನ್ನರನ್ನ ಭೇಟಿ ಮಾಡಿ ಅಂತ ಸಿನಿಮಾ ತೆಗೆದ ಚರ್ಚೇ 2018ರಲ್ಲಿ ನಮ್ಮನ್ನ ಮಾರ್ಮನ್ ಅಂತ ಕರೀಬೇಡಿ, "ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್" ಅಂತ ಪೂರ್ತಿ ಹೆಸರು ಹೇಳಿ ಅಂತ ಆದೇಶ ಕೊಡ್ತು, ನೂರೈವತ್ತು ವರ್ಷಕ್ಕೂ ಹಳೇದಾದ ಗಾಯನ ತಂಡದ ಹೆಸರನ್ನೂ ಬದಲಾಯಿಸ್ತು. ನಮ್ಮ ಬೀದಿಲಿ ಮಾತ್ರ ಹಳಬರೆಲ್ಲ ಬಾಯ್ತಪ್ಪಿ ಹಳೇದನ್ನೇ ಹೇಳ್ತಾರೆ.

ಯಾವುದು ನೋಡ್ಬೇಕು ಅಂತ ಕೇಳೋರಿಗೆ: ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ 2007ರಲ್ಲಿ ಹೆಲೆನ್ ವಿಟ್ನಿ ಮಾಡಿದ "ದ ಮಾರ್ಮನ್ಸ್" ಇದೆ, ನಾಲ್ಕು ಗಂಟೆ, ಎರಡು ಭಾಗ. ಅದರಲ್ಲಿ ನಂಬೋರೂ ಮಾತಾಡ್ತಾರೆ, ಬಿಟ್ಟು ಹೋದವರೂ ಮಾತಾಡ್ತಾರೆ, 1857ರಲ್ಲಿ ಯೂಟಾದ ಮೌಂಟನ್ ಮೆಡೋಸಲ್ಲಿ ಮಾರ್ಮನ್ನರು ದಾರಿಹೋಕ ವಲಸಿಗರನ್ನ ಕೊಂದ ಕಗ್ಗೊಲೆ ವಿಷಯನೂ ಬರತ್ತೆ, ಚರ್ಚಿಂದ ಹೊರಗೆ ಹಾಕಿಸಿಕೊಂಡ ಒಬ್ಬ ಹೆಂಗಸು ವಿಚಾರಣೆ ದಿನ ಏನಾಯ್ತು ಅಂತ ಹೇಳೋದು ಕೇಳಿ. ಅದನ್ನ ಮೊದಲು ನೋಡಿ, ಆಮೇಲೆ ಬೇಕಿದ್ರೆ ಹಾಲ್ವರ್ಸನ್‌ಗೋಸ್ಕರ ಇದನ್ನ ನೋಡಿ. ನಂಗೆ ಬೇಕಾಗಿರೋ ಸಿನಿಮಾ ಮಾತ್ರ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಒಂದೇ ವಾರ್ಡು, ಒಂದು ವರ್ಷ, ಹಿಂದಿನ ಬೆಂಚಲ್ಲಿ ಕ್ಯಾಮೆರಾ ಇಟ್ಟು ಸುಮ್ನಿರಬೇಕು, ಶನಿವಾರ ಬೆಳಿಗ್ಗೆ ತಾವೇ ಪೊರಕೆ ಹಿಡ್ದು ಚರ್ಚ್ ಗುಡಿಸೋದು, ಬೆಳಗಿನ ಆರು ಗಂಟೆಗೆ ತೂಕಡಿಸ್ಕೊಂಡು ಧರ್ಮದ ಕ್ಲಾಸಿಗೆ ಹೋಗೋ ಹೈಸ್ಕೂಲ್ ಮಕ್ಕಳು, ಸಾವಿನ ಮನೆಗೆ ತಟ್ಟೆಗಟ್ಟಲೆ ಆಲೂಗಡ್ಡೆ ಚೀಸ್ ಮಾಡಿ ಹೊತ್ತುಕೊಂಡು ಹೋಗೋ ಹೆಂಗಸರು, ಕಾರ್ಡ್ ರಿನ್ಯೂ ಮಾಡಿಸದೇ ಸುಮ್ನೆ ಉಳಿದುಬಿಟ್ಟ ಗಂಡ, ಅವನ ಪಕ್ಕದಲ್ಲೇ ದಿನಾ ಪ್ರಾರ್ಥನೆ ಮಾಡೋ ಹೆಂಡ್ತಿ. ಅಂಥದ್ದು ಯಾರಾದ್ರೂ ನೋಡಿದ್ರೆ ಹೆಸರು ಹೇಳಿ, ಈ ವಾರಾಂತ್ಯ ಹಿಮ ಬೀಳತ್ತಂತೆ, ಹೇಗೂ ಮನೇಲೇ ಇರ್ತೀವಿ.